ರಜಾ ಚೀಟಿಯೂ ಸತ್ಯಾಣುವ್ರತವೂ

ಶ್ರಾವಕನು ಪಾಲಿಸಬೇಕಾದ ಐದು ಅಣುವ್ರತಗಳಲ್ಲಿ ಎರಡನೆಯದಾದ ಸತ್ಯಾಣುವ್ರತಕ್ಕೆ ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಐದು ಅತಿಚಾರಗಳನ್ನು ಹೇಳಿದ್ದಾರೆ. ಅವುಗಳಲ್ಲಿ ಮೊದಲನೆಯದು ಮಿಥ್ಯೋಪದೇಶ, ಮೂರನೆಯದು ಕೂಟಲೇಖಕ್ರಿಯೆ. ತಪ್ಪು ದಾರಿಗೆ ಹಚ್ಚುವ ಬುದ್ಧಿವಾದವನ್ನು ಹೇಳುವುದು ಮಿಥ್ಯೋಪದೇಶ. ಸುಳ್ಳು ಪತ್ರವನ್ನು ಬರೆಯುವುದು ಕೂಟಲೇಖಕ್ರಿಯೆ. ನಮ್ಮೂರಿನ ಸ್ವಾಧ್ಯಾಯ ಗೋಷ್ಠಿಯಲ್ಲಿ ಈ ಭಾಗ ಬಂದಾಗಲೆಲ್ಲ ನಾನು ವ್ಯಾಪಾರದ ಉದಾಹರಣೆಗಳನ್ನೇ ಕೊಡುತ್ತ ಬಂದವನು. ಬಿ.ಕಾಂ. ಓದಿ ತಂದೆಯವರ ಪಾತ್ರೆ ಅಂಗಡಿಯಲ್ಲಿ ಕುಳಿತಂದಿನಿಂದ ಇಂದಿನವರೆಗೆ ಎರಡು ಲೆಕ್ಕದ ಪುಸ್ತಕಗಳನ್ನು ಇಟ್ಟವನಲ್ಲ, ಹಿತ್ತಾಳೆಯ ತೂಕದ ಚೀಟಿಯಲ್ಲಿ ಒಂದು ಗ್ರಾಂ ಹೆಚ್ಚು ಬರೆದವನಲ್ಲ ಎಂಬ ಅಭಿಮಾನವೂ ನನಗಿತ್ತು. ಆ ಅಭಿಮಾನದ ಕಟ್ಟೆ ಒಡೆದದ್ದು ಹನ್ನೆರಡು ವರ್ಷದ ಬಾಲಕನೊಬ್ಬನ ಒಂದು ಪ್ರಶ್ನೆಯಿಂದ. ಆ ಬಾಲಕ ನನ್ನ ಮೊಮ್ಮಗ.

2024ರ ಜನವರಿಯ ಒಂದು ಸಂಜೆ. ಫೆಬ್ರವರಿ 22ರಿಂದ ಮಾರ್ಚ್ 1ರವರೆಗೆ ವೇಣೂರಿನಲ್ಲಿ ಬಾಹುಬಲಿ ಸ್ವಾಮಿಗೆ ಮಹಾಮಸ್ತಕಾಭಿಷೇಕ. ಹನ್ನೆರಡು ವರ್ಷಗಳಿಗೊಮ್ಮೆ ಬರುವ ಅವಕಾಶ, ಹಿಂದಿನದು 2012ರಲ್ಲಿ. ನನಗೂ ನಮ್ಮ ಮನೆಯವರಿಗೂ ಅರವತ್ತು ದಾಟಿದೆ. ಮುಂದಿನದಕ್ಕೆ ಮಂಡಿಗಳು ಒಪ್ಪುತ್ತವೆಯೋ ಇಲ್ಲವೋ ಹೇಳಲಾಗದು. ಮಕ್ಕಳನ್ನು ಕರೆದುಕೊಂಡು ದಾರಿಯಲ್ಲಿ ಶ್ರವಣಬೆಳಗೊಳ, ಆಮೇಲೆ ಧರ್ಮಸ್ಥಳ, ವೇಣೂರು, ಮೂಡುಬಿದಿರೆ, ಕಾರ್ಕಳ ನೋಡಿಕೊಂಡು ಬರೋಣವೆಂದು ಊಟದ ವೇಳೆಯಲ್ಲಿ ಪ್ರಸ್ತಾಪ ಮಾಡಿದೆ. ಸೊಸೆಯು ಕೂಡಲೇ, "ಮಾವ, ಮಾರ್ಚಿಯಲ್ಲಿ ವಾರ್ಷಿಕ ಪರೀಕ್ಷೆ" ಎಂದಳು. ಮಗ, "ರಜೆ ಕೊಡ್ತಾರೋ ಇಲ್ವೋ" ಎಂದು ರಾಗ ಎಳೆದ. ಆಗ ಏಳನೆಯ ತರಗತಿಯಲ್ಲಿದ್ದ ಮೊಮ್ಮಗನು ತಟ್ಟೆಯಿಂದ ತಲೆ ಎತ್ತದೆ ಕೇಳಿದ: "ಈ ಸಲವೂ ಜ್ವರವೇ, ತಾತ?"

ಯಾರೂ ನಗಲಿಲ್ಲ. ಹುಡುಗನೂ ನಗೆಗಾಗಿ ಕೇಳಿರಲಿಲ್ಲ.

ಹಿಂದಿನ ಸಂಗತಿಯನ್ನು ಇಲ್ಲಿ ಹೇಳಲೇಬೇಕು. 2018ರ ಫೆಬ್ರವರಿಯಲ್ಲಿ ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕಕ್ಕೆ ನಾವೆಲ್ಲ ಹೋಗಿದ್ದೆವು. ಹುಡುಗನು ಆಗ ಒಂದನೆಯ ತರಗತಿ. ನಾಲ್ಕು ದಿನ ಶಾಲೆ ತಪ್ಪುವುದಿತ್ತು. ರಜಾ ಚೀಟಿಯಲ್ಲಿ ಏನೆಂದು ಬರೆಯಲಿ ಎಂದು ಮಗನು ಕೇಳಿದಾಗ ನಾನೇ, "ಜ್ವರ ಅಂತ ಬರಿ. ಯಾರು ಬಂದು ಮುಟ್ಟಿ ನೋಡ್ತಾರೆ?" ಎಂದಿದ್ದೆ. ಪರಿಚಯದ ವೈದ್ಯರೊಬ್ಬರು ಒಂದು ಚೀಟಿಯನ್ನೂ ಕೊಟ್ಟರು. ಬರೆದವನು ಮಗ, ಬರೆಸಿದವನು ನಾನು. ಕೃತ, ಕಾರಿತ, ಅನುಮೋದನೆ ಎಂಬ ಮೂರೂ ನಮ್ಮ ಮನೆಯ ಜಗಲಿಯ ಮೇಲೆ ಐದು ನಿಮಿಷದಲ್ಲಿ ನಡೆದುಹೋದವು. ಅದು ಪಾಪವೆಂದು ನನಗೆ ತೋರಲೂ ಇಲ್ಲ. ದೇವರ ಕಾರ್ಯಕ್ಕೆ ಹೋಗುತ್ತಿದ್ದೇವೆ, ಸಿನಿಮಾಕ್ಕಲ್ಲವಲ್ಲ ಎಂಬ ಸಮಾಧಾನ. ಒಳ್ಳೆಯ ಕೆಲಸದ ಹೆಸರಿನಲ್ಲಿ ಮಾಡಿದ ಸುಳ್ಳು ಎಷ್ಟು ಹಗುರವಾಗಿ ಕಾಣುತ್ತದೆ ಎಂಬುದಕ್ಕೆ ನಾನೇ ಸಾಕ್ಷಿ.

ಆ ಪ್ರಶ್ನೆ ಕೇಳಿದ ರಾತ್ರಿ ಮೊಮ್ಮಗನನ್ನು ಹತ್ತಿರ ಕೂರಿಸಿಕೊಂಡು ವಿಚಾರಿಸಿದಾಗ ಆರು ವರ್ಷಗಳಿಂದ ನಮಗೆ ಗೊತ್ತಿಲ್ಲದೆ ಉಳಿದಿದ್ದ ಒಂದು ವಿಷಯ ಹೊರಬಂತು. ಅಂದು ನಾವು ಬೆಳಗೊಳದಿಂದ ಮರಳಿದ ಮರುದಿನ ತರಗತಿಯ ಅಧ್ಯಾಪಕಿಯು ದಿನಪತ್ರಿಕೆಯಲ್ಲಿ ಬಂದ ಗೊಮ್ಮಟನ ಬಣ್ಣದ ಚಿತ್ರವನ್ನು ಮಕ್ಕಳಿಗೆ ತೋರಿಸಿ, "ಇದನ್ನು ಯಾರಾದರೂ ನೋಡಿದ್ದೀರಾ?" ಎಂದು ಕೇಳಿದರಂತೆ. ಹಾಲಿನಿಂದ ಬೆಳ್ಳಗಾದ, ಅರಿಸಿನದಿಂದ ಹಳದಿಯಾದ, ಗಂಧದಿಂದ ಕೆಂಪಾದ ಮೂರ್ತಿಯನ್ನು ಎರಡು ದಿನದ ಹಿಂದೆ ಕಣ್ಣಾರೆ ಕಂಡು ಬಂದಿದ್ದ ಹುಡುಗನು ಕೈ ಎತ್ತಲಿಲ್ಲ. ಎತ್ತಿದರೆ ಜ್ವರ ಸುಳ್ಳಾಗುತ್ತಿತ್ತು. "ಜ್ವರ ಹೇಗಿದೆ?" ಎಂದು ಅವರು ಕೇಳಿದಾಗ "ಕಡಿಮೆಯಾಗಿದೆ" ಎಂದನಂತೆ. ಆ ಮಾತನ್ನು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ತಾನೇ ಕಲಿತ.

ನಾನು ಬಹಳ ಹೊತ್ತು ಮಲಗಲಿಲ್ಲ. ತೀರ್ಥಕ್ಷೇತ್ರಕ್ಕೆ ಕರೆದೊಯ್ದು ಮಗುವಿಗೆ ಧರ್ಮಸಂಸ್ಕಾರ ಕೊಟ್ಟೆವೆಂದು ನಾವು ತಿಳಿದಿದ್ದೆವು. ಮಗುವು ಅಲ್ಲಿಂದ ತಂದದ್ದೇನು? ಹೇಳಿಕೊಳ್ಳಲಾಗದ ಒಂದು ಸಂತೋಷ, ಅದನ್ನು ಮುಚ್ಚುವ ಒಂದು ಸುಳ್ಳು. ಪ್ರವಾಸದಿಂದ ವಿದ್ಯೆ ಬರುತ್ತದೆ ಎಂದು ನಾವೆಲ್ಲ ಹೇಳುತ್ತೇವೆ. ಆದರೆ ಮಗು ಕಂಡದ್ದು ವಿದ್ಯೆಯಾಗುವುದು ಅದನ್ನು ಇನ್ನೊಬ್ಬರಿಗೆ ಹೇಳಿದಾಗ, ಅವರ ಪ್ರಶ್ನೆಗೆ ಉತ್ತರ ಹುಡುಕಿದಾಗ, ಪಾಠದಲ್ಲಿ ಬಂದ ಸಂಗತಿಯ ಪಕ್ಕದಲ್ಲಿ ಅದನ್ನು ಇಟ್ಟು ನೋಡಿದಾಗ. ಸುಳ್ಳು ರಜಾ ಚೀಟಿಯು ಆ ಬಾಗಿಲನ್ನೇ ಮುಚ್ಚಿಬಿಡುತ್ತದೆ. ಹುಡುಗನು ಆ ನಾಲ್ಕು ದಿನ ಶಾಲೆಯ ಪಾಠವನ್ನೂ ಕಳೆದುಕೊಂಡ, ಬೆಟ್ಟದ ಮೇಲಿನ ಪಾಠವನ್ನೂ ಕಳೆದುಕೊಂಡ.

ಮರುದಿನ ಮನೆಯಲ್ಲಿ ತೀರ್ಮಾನವಾಯಿತು: ಹೋಗುವುದಾದರೆ ಇದ್ದದ್ದನ್ನು ಇದ್ದಂತೆ ಬರೆದು ಹೋಗುವುದು, ಶಾಲೆಯವರು ಬೇಡವೆಂದರೆ ಅಜ್ಜ-ಅಜ್ಜಿ ಮಾತ್ರ ಹೋಗುವುದು.

ವ್ಯಾಪಾರಿಯ ಬುದ್ಧಿ ಮೊದಲು ಲೆಕ್ಕ ಹಾಕಿತು. ಮಕ್ಕಳ ಶಿಕ್ಷಣ ಹಕ್ಕಿನ 2009ರ ಕಾಯಿದೆಯು ಒಂದರಿಂದ ಐದನೆಯ ತರಗತಿಯವರೆಗೆ ವರ್ಷಕ್ಕೆ 200, ಆರರಿಂದ ಎಂಟರವರೆಗೆ 220 ಶಾಲಾ ದಿನಗಳನ್ನು ಕನಿಷ್ಠವೆಂದು ಹೇಳುತ್ತದೆ. ಶುಕ್ರವಾರ ಹೊರಟು ಬುಧವಾರ ಮರಳಿದರೆ ಭಾನುವಾರ ಕಳೆದು ಐದು ದಿನ ತಪ್ಪುತ್ತದೆ. ನಾಲ್ಕನೆಯ ತರಗತಿಯ ಮೊಮ್ಮಗಳಿಗೆ ಶೇಕಡಾ ಎರಡೂವರೆ, ಮೊಮ್ಮಗನಿಗೆ ಅದಕ್ಕಿಂತ ಸ್ವಲ್ಪ ಕಡಿಮೆ. ಇಷ್ಟು ನಷ್ಟ ಯಾವ ವ್ಯಾಪಾರದಲ್ಲಿ ಇಲ್ಲ? ಈ ಲೆಕ್ಕವನ್ನು ಸೊಸೆಯ ಮುಂದಿಟ್ಟಾಗ ಅವಳು, "ಮಾವ, ದೀಪಾವಳಿಯ ಹಿಂದಿನ ಐದು ದಿನ ಅಂಗಡಿ ಮುಚ್ಚಿದರೂ ಶೇಕಡಾ ಅಷ್ಟೇ ಆಗುತ್ತೆ ಅಲ್ಲವೇ?" ಎಂದಳು. ನನ್ನ ಬಳಿ ಉತ್ತರವಿರಲಿಲ್ಲ. ಪರೀಕ್ಷೆಗೆ ಮುಂಚಿನ ಐದು ದಿನಗಳು ಜುಲೈ ತಿಂಗಳ ಐದು ದಿನಗಳಿಗೆ ಸಮವಲ್ಲ. ಮಹಾಮಸ್ತಕಾಭಿಷೇಕವನ್ನು ನಾವು ಮುಂದೂಡಲಾರೆವು, ನಿಜ. ಆದರೆ ನೆಂಟರ ಗೃಹಪ್ರವೇಶ, ಊಟಿ, ಮಹಾಬಲೇಶ್ವರಗಳಿಗೂ ಇದೇ ವಾದವನ್ನು ಹೂಡಿ ಮಕ್ಕಳನ್ನು ಶಾಲೆ ತಪ್ಪಿಸುವವರು ನಮ್ಮ ಸಮಾಜದಲ್ಲಿ ಇದ್ದಾರೆ. ಅವುಗಳಿಗೆ ಏಪ್ರಿಲ್, ಮೇ ಮತ್ತು ದಸರೆಯ ರಜೆಗಳು ಧಾರಾಳವಾಗಿವೆ.

ನಾನೂ ಮಗನೂ ಚೀಟಿ ಹಿಡಿದು ಶಾಲೆಗೆ ಹೋದೆವು. ಮುಖ್ಯೋಪಾಧ್ಯಾಯಿನಿಯವರು ಎರಡು ಸಲ ಓದಿಕೊಂಡು, "ನಮ್ಮಲ್ಲಿ ಸೋಮವಾರದ ಜ್ವರವೇ ಜಾಸ್ತಿ ಸ್ವಾಮಿ. ಹೀಗೆ ಬರೆದುಕೊಂಡು ಬಂದವರು ಕಡಿಮೆ" ಎಂದರು. ಆಮೇಲೆ ಮುಖ ಗಂಭೀರವಾಯಿತು. ಹಾಜರಿ ಪುಸ್ತಕದಲ್ಲಿ ಗೈರು ಎಂದೇ ದಾಖಲಾಗುತ್ತದೆ, ಅದನ್ನು ಬದಲಾಯಿಸಲು ತಮಗೆ ಅಧಿಕಾರವಿಲ್ಲ. ತಪ್ಪಿದ ಪಾಠವನ್ನು ಅಧ್ಯಾಪಕರು ಮತ್ತೆ ಮಾಡಬೇಕೆಂದು ನಿರೀಕ್ಷಿಸಬಾರದು. ಕಿರುಪರೀಕ್ಷೆ ತಪ್ಪಿದರೆ ಮತ್ತೊಮ್ಮೆ ನಡೆಸುವುದಿಲ್ಲ. ಇಷ್ಟು ಹೇಳಿ, "ಹುಡುಗಿ ಜೂನ್‌ನಿಂದ ಒಂದು ದಿನವೂ ತಪ್ಪಿಸಿಲ್ಲ. ಪೂರ್ಣ ಹಾಜರಾತಿಯ ಬಹುಮಾನ ಅವಳಿಗೇ ಬರುವುದಿತ್ತು. ವೈದ್ಯರ ಚೀಟಿಯಿರುವ ಅನಾರೋಗ್ಯದ ರಜೆಯನ್ನು ನಾವು ಎಣಿಸುವುದಿಲ್ಲ. ಇದನ್ನು ಎಣಿಸಲೇಬೇಕು" ಎಂದರು. ಆ ನಿಯಮದಲ್ಲಿ ತಪ್ಪೇನೂ ಇಲ್ಲ. ಆದರೆ ಸತ್ಯದ ಬೆಲೆಯನ್ನು ತೆರಬೇಕಾದವಳು ಚೀಟಿ ಬರೆದ ನಾವಲ್ಲ, ಒಂಬತ್ತು ವರ್ಷದ ಹುಡುಗಿ ಎಂಬುದು ನನ್ನ ಗಂಟಲಿಗೆ ಸಿಕ್ಕಿಕೊಂಡಿತು. ಮಗನು ನನ್ನ ಮುಖ ನೋಡಿದ. ಪರಿಚಯದ ವೈದ್ಯರು ಇನ್ನೂ ಅದೇ ಬೀದಿಯಲ್ಲಿದ್ದರು.

ಮನೆಗೆ ಬಂದು ಮೊಮ್ಮಗಳಿಗೆ ಇದ್ದದ್ದನ್ನು ಹೇಳಿ, ನೀನು ಬೇಡವೆಂದರೆ ನಿನ್ನನ್ನೂ ಅಮ್ಮನನ್ನೂ ಬಿಟ್ಟು ಹೋಗುತ್ತೇವೆ ಎಂದೆವು. ಅವಳು ಸ್ವಲ್ಪ ಅತ್ತಳು. ಸಂಜೆಗೆ, "ಅಣ್ಣ ನೋಡಿದ್ದನ್ನು ನಾನೂ ನೋಡ್ತೀನಿ" ಎಂದಳು.

ಇನ್ನು ಪ್ರವಾಸದ ವಿಚಾರ. ಹೊರಡುವ ಮುನ್ನ ತರಗತಿಯ ಅಧ್ಯಾಪಕರನ್ನು ಕಂಡು ಆ ವಾರ ಯಾವ ಪಾಠಗಳು ನಡೆಯುತ್ತವೆ ಎಂದು ಕೇಳಿ ಬರೆದುಕೊಂಡೆವು. ಎರಡೇ ನಿಮಿಷದ ಕೆಲಸ. ಆದರೆ ಸುಳ್ಳು ಚೀಟಿ ಕೊಟ್ಟವನು ಈ ಪ್ರಶ್ನೆ ಕೇಳಲಾರ. ಜ್ವರ ಬರುವುದು ಯಾರಿಗೂ ಒಂದು ತಿಂಗಳು ಮೊದಲೇ ತಿಳಿಯುವುದಿಲ್ಲವಲ್ಲ! ಮೊಮ್ಮಗನಿಗೆ ಗಣಿತದಲ್ಲಿ ಬೀಜೋಕ್ತಿಗಳು, ವಿಜ್ಞಾನದಲ್ಲಿ ವಿದ್ಯುತ್ ಮತ್ತು ಕಾಂತ. ಮೊಮ್ಮಗಳಿಗೆ ಭಾಗಾಕಾರ, ಪರಿಸರ ಅಧ್ಯಯನ.

ನಾನು ಮಾಡಿದ ಒಂದು ತಪ್ಪನ್ನೂ ಹೇಳಿಬಿಡುತ್ತೇನೆ. ನಮ್ಮ ಅಂಗಡಿಯ ದಿನವಹಿಯಂತೆ ಗೆರೆ ಹಾಕಿದ ಎರಡು ನೋಟುಪುಸ್ತಕಗಳನ್ನು ತಯಾರಿಸಿದ್ದೆ. ಸ್ಥಳ, ಇಸವಿ, ಕಟ್ಟಿಸಿದವರು, ಎತ್ತರ, ಅಗಲ ಎಂದು ಕಲಮುಗಳು. ಜಮಾ ಎಂದರೆ ಕಲಿತದ್ದು, ಖರ್ಚು ಎಂದರೆ ಕಳೆದ ಸಮಯ. ವಿಂಧ್ಯಗಿರಿಯ ಆರುನೂರಕ್ಕೂ ಹೆಚ್ಚು ಮೆಟ್ಟಿಲುಗಳನ್ನು ಹತ್ತುವಾಗಲೂ ನಾನು "ಬರೆದುಕೊಳ್ಳಿ, ಬರೆದುಕೊಳ್ಳಿ" ಎನ್ನುತ್ತಿದ್ದೆ. ಮೊದಲ ದಿನ ಸಂಜೆ ಮೊಮ್ಮಗಳ ಪುಸ್ತಕ ತೆರೆದರೆ ಜಮಾ ಕಡೆ ಖಾಲಿ. ಖರ್ಚಿನ ಕಡೆ "ನನ್ನ ಟೋಪಿ, ಗಾಳಿಗೆ ಹೋಯಿತು" ಎಂದಿತ್ತು. ನಮ್ಮ ಮನೆಯವರು, "ಶಾಲೆ ತಪ್ಪಿಸಿ ಇನ್ನೊಂದು ಶಾಲೆಗೆ ಕರ್ಕೊಂಡು ಬಂದಿರಾ?" ಎಂದರು. ಪುಸ್ತಕಗಳನ್ನು ಚೀಲದ ತಳಕ್ಕೆ ಹಾಕಿದೆ. ಆಮೇಲೆ ಮಕ್ಕಳು ಕೇಳಿದ ಪ್ರಶ್ನೆಗಳ ಹಿಂದೆ ನಾವು ನಡೆದೆವು. ಅಲ್ಲಿಂದ ಕಲಿಕೆ ಆರಂಭವಾಯಿತು.

ಮೊಮ್ಮಗಳ ಪ್ರಶ್ನೆ ಗುಳ್ಳಕಾಯಜ್ಜಿಯ ಬಗ್ಗೆ. ಚಾವುಂಡರಾಯನ ಕೊಡಗಟ್ಟಲೆ ಹಾಲು ಮೂರ್ತಿಯ ತೊಡೆಯಿಂದ ಕೆಳಗಿಳಿಯದೆ ನಿಂತಾಗ ಅಜ್ಜಿಯ ಗುಳ್ಳಕಾಯಿಯಷ್ಟು ಹಾಲು ಪಾದದವರೆಗೂ ಹರಿಯಿತು ಎಂಬ ಐತಿಹ್ಯ ಎಲ್ಲರಿಗೂ ಗೊತ್ತು. "ನಮ್ಮ ಅಂಗಡಿಯಲ್ಲಿ ಅಷ್ಟು ಚಿಕ್ಕ ಪಾತ್ರೆ ಇದೆಯಾ ತಾತ?" ಎಂದಳು. ಮಕ್ಕಳಿಗೆ ಹಾಲು ಹಾಕುವ ಒಳಲೆ ಇದೆ, ಅದೇ ಅತ್ಯಂತ ಚಿಕ್ಕದು ಎಂದೆ. ಒಂದು ಕೊಡದಲ್ಲಿ ಎಷ್ಟು ಒಳಲೆ ಹಾಲು ಹಿಡಿಯುತ್ತದೆ ಎಂದು ಶುರುವಾದ ಮಾತು ಮಿಲಿಲೀಟರು, ಲೀಟರು, ಭಾಗಾಕಾರಕ್ಕೆ ಬಂದು ನಿಂತಿತು. ಅವಳು ಶಾಲೆಯಲ್ಲಿ ಕುಳಿತು ಮಾಡಬೇಕಾಗಿದ್ದ ಲೆಕ್ಕವನ್ನು ಬೆಟ್ಟದ ಮೇಲೆ ಬಾಯಲ್ಲೇ ಮಾಡುತ್ತಿದ್ದಾಳೆಂದು ಅವಳಿಗೆ ತಿಳಿಯಲಿಲ್ಲ, ನಾವೂ ಹೇಳಲಿಲ್ಲ.

ಮೊಮ್ಮಗನು ಗೊಮ್ಮಟನ ಪಾದದ ಇಕ್ಕೆಲಗಳ ಶಾಸನಗಳ ಮುಂದೆ ನಿಂತುಬಿಟ್ಟ. ಈ ಮೂರ್ತಿಯನ್ನು ಚಾವುಂಡರಾಯನು ಮಾಡಿಸಿದನೆಂಬ ಸಂಗತಿ ಅಲ್ಲಿ ಕನ್ನಡ, ತಮಿಳು, ಮರಾಠಿಗಳಲ್ಲಿದೆ; ಸುತ್ತಾಲಯವನ್ನು ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜನು ಮಾಡಿಸಿದನೆಂದೂ ಇದೆ. ಅಕ್ಷರಗಳನ್ನು ಒಂದೊಂದಾಗಿ ಗುರುತಿಸಲು ಯತ್ನಿಸಿ, ಅರ್ಥವನ್ನು ಕೇಳಿ ತಿಳಿದುಕೊಂಡು, "ಮಾಡಿಸಿದವರ ಹೆಸರಿದೆ. ಮಾಡಿದವರ ಹೆಸರೆಲ್ಲಿ?" ಎಂದ. ಆ ಸಾಲುಗಳಲ್ಲಿ ಶಿಲ್ಪಿಯ ಹೆಸರಿಲ್ಲ. ಮೂರು ದಿನದ ಮೇಲೆ ಧರ್ಮಸ್ಥಳದ 39 ಅಡಿಯ ಬಾಹುಬಲಿಯ ಮುಂದೆ ನಿಂತಾಗ, ಇದನ್ನು ಕಾರ್ಕಳದಲ್ಲಿ ಕೆತ್ತಿದವರು ರೆಂಜಾಳ ಗೋಪಾಲ ಶೆಣೈಯವರು, ಅಲ್ಲಿಂದ ಸಾಗಿಸಿ ತಂದು 1982ರಲ್ಲಿ ಪ್ರತಿಷ್ಠಾಪಿಸಲಾಯಿತು ಎಂದು ಹೇಳಿದೆ. "ಇಲ್ಲಾದರೂ ಗೊತ್ತಿದೆಯಲ್ಲ" ಎಂದು ಅವನಿಗೆ ಸಮಾಧಾನವಾಯಿತು.

ಆದರೆ ನನಗೆ ಅತ್ಯಂತ ಪ್ರಿಯವಾದ ಪಾಠ ನಡೆದದ್ದು ಬೆಟ್ಟದ ಕೆಳಗೆ ಭಂಡಾರಿ ಬಸದಿಯಲ್ಲಿ. ಹೊಯ್ಸಳ ಒಂದನೆಯ ನರಸಿಂಹನ ಭಂಡಾರಿಯಾಗಿದ್ದ ಹುಳ್ಳನು 1159ರಲ್ಲಿ ಕಟ್ಟಿಸಿದ ಚತುರ್ವಿಂಶತಿ ತೀರ್ಥಂಕರ ಬಸದಿ ಅದು. ಖಜಾನೆಯ ಅಧಿಕಾರಿ ಕಟ್ಟಿಸಿದ ಬಸದಿಯೆಂದರೆ ಬಿ.ಕಾಂ. ಓದಿದವನಿಗೆ ಒಂದು ಬಗೆಯ ಸ್ವಂತದ ಭಾವನೆ, ಪಾಠಕರು ಕ್ಷಮಿಸಬೇಕು. ಅಲ್ಲಿರುವ ವಿಜಯನಗರದ ಬುಕ್ಕರಾಯನ 1368ರ ಶಾಸನವು ಜೈನರಿಗೂ ಶ್ರೀವೈಷ್ಣವರಿಗೂ ಉಂಟಾದ ವಿವಾದವನ್ನು ಅರಸನು ತೀರಿಸಿದ್ದನ್ನು ಹೇಳುತ್ತದೆ. ಎರಡು ದರ್ಶನಗಳಲ್ಲಿ ಭೇದವಿಲ್ಲವೆಂದು ಜೈನರ ಕೈಯನ್ನು ವೈಷ್ಣವರ ಕೈಯಲ್ಲಿ ಇಟ್ಟನೆಂಬ ಸಂಗತಿ ಶಾಲೆಯ ಮಕ್ಕಳಿಗೂ ಪರಿಚಿತ. ಅದರ ಮುಂದಿನ ಭಾಗ ಅಷ್ಟು ಪರಿಚಿತವಲ್ಲ. ರಾಜ್ಯದ ಜೈನರಿಂದ ಮನೆಗೆ ವರ್ಷಕ್ಕೆ ಒಂದು ಹಣದಂತೆ ಎತ್ತಿ, ಅದರಲ್ಲಿ ಬೆಳಗೊಳದ ದೇವರಿಗೆ ಇಪ್ಪತ್ತು ಮಂದಿ ಕಾವಲಿನವರನ್ನು ನೇಮಿಸಿ, ಉಳಿದ ಹಣದಲ್ಲಿ ಜೀರ್ಣವಾದ ಜಿನಾಲಯಗಳಿಗೆ ಸುಣ್ಣ ಬಳಿಸಬೇಕು. ಈ ಕೆಲಸದ ಹೊಣೆ ತಿರುಮಲೆಯ ತಾತಯ್ಯ ಎಂಬ ವೈಷ್ಣವರದು. ಜೈನರ ಹಣ, ವೈಷ್ಣವರ ಹೊಣೆಗಾರಿಕೆ! ಇಂಥ ಬಜೆಟ್ಟನ್ನು ನಾನು ಬೇರೆಲ್ಲಿಯೂ ಕಂಡಿಲ್ಲ.

"ಹಾಗಾದರೆ ಸುಣ್ಣಕ್ಕೆ ಎಷ್ಟು ಉಳೀತಿತ್ತು?" ಎಂದ ಮೊಮ್ಮಗ.

"ಎಷ್ಟು ಮನೆಯಿತ್ತು ಅಂತ ಗೊತ್ತಿಲ್ಲವಲ್ಲ" ಎಂದೆ.

"ಕಾವಲಿನವರ ಸಂಬಳ?"

"ಅದೂ ಗೊತ್ತಿಲ್ಲ."

ಅವನು ಕಂಬಕ್ಕೆ ಒರಗಿ ಕುಳಿತು, ಮನೆಗಳು ಎಕ್ಸ್ ಆಗಿರಲಿ, ಒಬ್ಬನ ಸಂಬಳ ವೈ ಆಗಿರಲಿ ಎಂದು ನನ್ನ ಬಸ್ ಟಿಕೆಟ್ಟಿನ ಹಿಂದೆ ಬರೆದ: ಎಕ್ಸ್‌ನಲ್ಲಿ ಇಪ್ಪತ್ತು ವೈ ಕಳೆದರೆ ಸುಣ್ಣದ ಹಣ. ಆ ವಾರ ಅವನ ತರಗತಿಯಲ್ಲಿ ಬೀಜೋಕ್ತಿಗಳ ಪಾಠ ನಡೆಯುತ್ತಿತ್ತು ಎಂಬುದನ್ನು ನೆನಪಿಡಬೇಕು. ಮನೆಗಳು ಸಾವಿರವಾದರೆ ಒಬ್ಬನಿಗೆ ಹೆಚ್ಚೆಂದರೆ ಎಷ್ಟು ಕೊಡಬಹುದು, ಸುಣ್ಣಕ್ಕೆ ಅರ್ಧ ಉಳಿಯಬೇಕಾದರೆ ಎಷ್ಟು ಎಂದು ಅಣ್ಣ ತಂಗಿ ಇಬ್ಬರೂ ಒಂದು ಗಂಟೆ ಕಳೆದರು. ಗೊಮ್ಮಟನ ಅಭಿಷೇಕಕ್ಕೆಂದು ಗದ್ಯಾಣಗಳನ್ನು ಇಟ್ಟು ಅದರ ಬಡ್ಡಿಯಿಂದ ಹಾಲು ಸಲ್ಲಲೆಂದು ಬರೆಸಿದ ಶಾಸನಗಳೂ ಇಲ್ಲಿವೆ ಎಂದಾಗ, "ಅದು ಫಿಕ್ಸೆಡ್ ಡಿಪಾಸಿಟ್ ತಾನೇ?" ಎಂದು ಹುಡುಗನೇ ಹೇಳಿದ. ಸರಳಬಡ್ಡಿಯನ್ನು ಇದಕ್ಕಿಂತ ಸರಳವಾಗಿ ನಾನು ಹೇಳಿಕೊಡಲಾರೆ.

ಇಲ್ಲಿ ನಮ್ಮ ಬಸದಿಗಳ ಆಡಳಿತ ಮಂಡಳಿಗಳಿಗೆ ಒಂದು ಮಾತು. ದಾನಿಗಳ ಹೆಸರನ್ನು ಅಮೃತಶಿಲೆಯಲ್ಲಿ ದಪ್ಪಕ್ಷರಗಳಲ್ಲಿ ಕೆತ್ತಿಸುತ್ತೇವೆ. ಅದೇ ಗೋಡೆಯ ಪಕ್ಕದಲ್ಲಿ ಎಂಟುನೂರು ವರ್ಷದ ಶಾಸನವು ಎಣ್ಣೆ ಹಿಡಿದು ನಿಂತಿರುವುದನ್ನು ನಾನು ಎಷ್ಟೋ ಊರುಗಳಲ್ಲಿ ಕಂಡಿದ್ದೇನೆ. ಅದರ ಸಾರಾಂಶವನ್ನು ಹತ್ತು ವರ್ಷದ ಮಗು ಓದಬಲ್ಲ ಹೊಸಗನ್ನಡದಲ್ಲಿ ಒಂದು ಹಲಗೆಯ ಮೇಲೆ ಬರೆಸಲು ಎಷ್ಟು ಖರ್ಚಾದೀತು? ಯಾತ್ರಿಕರ ಮಕ್ಕಳು ವಿದ್ಯಾರ್ಥಿಗಳೂ ಹೌದು ಎಂಬುದು ನಮ್ಮ ಸಭೆಗಳ ನಡವಳಿಯಲ್ಲಿ ಬಂದದ್ದನ್ನು ನಾನು ನೋಡಿಲ್ಲ. ನಾನೂ ಅಂಥ ಒಂದು ಮಂಡಳಿಯ ಸದಸ್ಯನೇ.

ಶಿರಾಡಿ ಘಾಟಿ, ಧರ್ಮಸ್ಥಳ ಕಳೆದು ವೇಣೂರಿಗೆ ಬಂದೆವು. ಫಲ್ಗುಣಿ ನದಿಯ ದಡದ ಊರು. 1604ರಲ್ಲಿ ತಿಮ್ಮಣ್ಣ ಅಜಿಲನು ನಿಲ್ಲಿಸಿದ 35 ಅಡಿಯ ಮೂರ್ತಿ. ಬೆಳಗೊಳದ 58 ಅಡಿಯನ್ನು ಕಂಡು ಬಂದಿದ್ದ ಮೊಮ್ಮಗಳು, "ಇದು ಚಿಕ್ಕದು, ಆದರೆ ಹತ್ತಿರ" ಎಂದಳು. ಅಭಿಷೇಕದ ವರ್ಣನೆಯನ್ನು ಈ ಪತ್ರಿಕೆಯ ಪಾಠಕರಿಗೆ ನಾನು ಮಾಡಬೇಕಾಗಿಲ್ಲ. ಹುಡುಗನು ಅಭಿಷೇಕವನ್ನು ನೋಡುತ್ತ ನೋಡುತ್ತ, "ಈ ಸಲ ಹೇಳಬಹುದು ಅಲ್ವಾ ತಾತ?" ಎಂದದ್ದನ್ನು ಮಾತ್ರ ಬರೆಯುತ್ತೇನೆ.

ಮೂಡುಬಿದಿರೆಯಲ್ಲಿ 1430ರ ಸಾವಿರ ಕಂಬದ ಬಸದಿಯಲ್ಲಿ ಒಂದರಂತೆ ಇನ್ನೊಂದು ಕಂಬವಿಲ್ಲವೆಂಬ ಮಾತನ್ನು ಪರೀಕ್ಷಿಸಲು ಇಬ್ಬರೂ ಓಡಾಡಿ ಸುಸ್ತಾದರು. ಬಳಿಕ ಧವಲಾ, ಜಯಧವಲಾ, ಮಹಾಧವಲಾ ಗ್ರಂಥಗಳ ಕಥೆಯನ್ನು ಹೇಳಿದೆವು. ಶತಮಾನಗಳ ಕಾಲ ಈ ಒಂದು ಊರಿನಲ್ಲಿ ತಾಳೆಗರಿಯ ಮೇಲೆ ಉಳಿದುಬಂದದ್ದು, ಇಪ್ಪತ್ತನೆಯ ಶತಮಾನದಲ್ಲಿ ಪ್ರತಿಗಳಾಗಿ ಹೊರಬಂದು 1939ರಿಂದ ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ ಧವಲೆಯು ಅಚ್ಚಾಗತೊಡಗಿದ್ದು. ಕೈಯಿಂದ ನಕಲು ಮಾಡುವವರು ಇಲ್ಲದಿದ್ದರೆ ನಮಗೆ ಏನೂ ಉಳಿಯುತ್ತಿರಲಿಲ್ಲ. ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದ್ದು ಇದೇ ಶಾಸ್ತ್ರದಾನ ಎಂದು ನಮ್ಮ ಮನೆಯವರು ಹೇಳಿದರು. ಮೊಮ್ಮಗಳು ಅದನ್ನು ಕೇಳಿಸಿಕೊಂಡಳೋ ಇಲ್ಲವೋ ಆಗ ತಿಳಿಯಲಿಲ್ಲ. ಕಾರ್ಕಳದಲ್ಲಿ 1432ರ ವೀರಪಾಂಡ್ಯನ ಗೊಮ್ಮಟನನ್ನು ನೋಡುವ ಹೊತ್ತಿಗೆ ಎಲ್ಲರಿಗೂ ದಣಿವು. ಅಲ್ಲಿ ಯಾವ ಪಾಠವನ್ನೂ ಮಾಡಲಿಲ್ಲ. ಬಂಡೆಯ ಮೇಲೆ ಕುಳಿತು ಗಾಳಿ ಕುಡಿದು ಇಳಿದೆವು.

ಮರಳಿ ಬಂದ ಮೇಲಿನ ಕೆಲಸ ನಾನು ಎಣಿಸಿದ್ದಕ್ಕಿಂತ ಹೆಚ್ಚಾಗಿತ್ತು. ತಪ್ಪಿಹೋದ ಗಣಿತದ ಕಿರುಪರೀಕ್ಷೆಯಲ್ಲಿ ಮೊಮ್ಮಗನಿಗೆ ಸೊನ್ನೆ. ಮುಂದಿನದರಲ್ಲಿ 25ಕ್ಕೆ 11. ಬಸದಿಯಲ್ಲಿ ಕುಳಿತು ಒಂದು ಬೀಜೋಕ್ತಿಯನ್ನು ಬರೆದ ಮಾತ್ರಕ್ಕೆ ಇಡೀ ಪಾಠ ಬರುವುದಿಲ್ಲ. ಅಭ್ಯಾಸದ ಲೆಕ್ಕಗಳನ್ನು ಹುಡುಗನು ಮಾಡಲೇಬೇಕಾಯಿತು. ಮೊಳೆಗೆ ತಂತಿ ಸುತ್ತಿ ಕಾಂತ ಮಾಡುವ ಪ್ರಯೋಗವನ್ನು ಅಂಗಡಿಯ ಹಿಂದಿನ ಕೋಣೆಯಲ್ಲಿ ಮಾಡಿ, ನಾವು ಹಿತ್ತಾಳೆಯಲ್ಲಿ ಕಬ್ಬಿಣ ಬೆರೆತಿದೆಯೇ ಎಂದು ಕಾಂತದಿಂದ ನೋಡುವುದನ್ನೂ ತೋರಿಸಿದೆ. ಆದರೆ ನಲವತ್ತು ಮಕ್ಕಳು ಒಟ್ಟಿಗೆ ಮಾಡುವ ಪ್ರಯೋಗದ ಗಲಾಟೆಯನ್ನು ನಾನು ಎಲ್ಲಿಂದ ತರಲಿ? ಅದು ಹೋದದ್ದು ಹೋಯಿತು. ಮೊಮ್ಮಗಳ ಗೆಳತಿಯೊಬ್ಬಳು ಐದು ದಿನದ ಟಿಪ್ಪಣಿಗಳನ್ನು ಚೆಂದದ ಅಕ್ಷರದಲ್ಲಿ ನಕಲು ಮಾಡಿ ಇಟ್ಟಿದ್ದಳು. ಅದನ್ನು ಮನೆಗೆ ತಂದು ಅಜ್ಜಿಗೆ ತೋರಿಸಿ, "ಇದೂ ಶಾಸ್ತ್ರದಾನವೇ?" ಎಂದು ಕೇಳಿದಾಗ ಮೂಡುಬಿದಿರೆಯ ಮಾತು ಅವಳ ಕಿವಿಗೆ ಬಿದ್ದಿತ್ತೆಂದು ತಿಳಿಯಿತು. ಆ ಗೆಳತಿಗೆ ನಮ್ಮ ಅಂಗಡಿಯಿಂದ ಒಂದು ಪುಟ್ಟ ಹಿತ್ತಾಳೆಯ ದೀಪ ಹೋಯಿತು.

ಮುಖ್ಯೋಪಾಧ್ಯಾಯಿನಿಯವರು ಸಮಾಜ ವಿಜ್ಞಾನದ ತರಗತಿಯಲ್ಲಿ ಮೊಮ್ಮಗನಿಗೆ ಹದಿನೈದು ನಿಮಿಷ ಕೊಟ್ಟರು. ನಾಲ್ಕು ಗೊಮ್ಮಟರ ಎತ್ತರವನ್ನು ಕಪ್ಪುಹಲಗೆಯ ಮೇಲೆ ಗೆರೆಗಳಾಗಿ ಎಳೆದು ಇಸವಿಗಳನ್ನು ಬರೆದನಂತೆ. ಕಾರ್ಕಳಕ್ಕೂ ವೇಣೂರಿಗೂ ನಡುವೆ 172 ವರ್ಷ, ವೇಣೂರಿನಿಂದ ಧರ್ಮಸ್ಥಳಕ್ಕೆ 378 ವರ್ಷ. ಇಪ್ಪತ್ತು ಕಾವಲಿನವರ ಲೆಕ್ಕವನ್ನು ತರಗತಿಗೇ ಕೊಟ್ಟನಂತೆ. ಕೊನೆಗೆ ಒಬ್ಬ ಹುಡುಗ, "ಶ್ರವಣಬೆಳಗೊಳಕ್ಕೆ ಮೊದಲನೇ ಸಲ ಹೋದದ್ದಾ?" ಎಂದಾಗ, "ಇಲ್ಲ, ಒಂದನೇ ಕ್ಲಾಸಿನಲ್ಲೂ ಹೋಗಿದ್ದೆ, ಆಗ ಹೇಳಿರಲಿಲ್ಲ" ಎಂದನಂತೆ. ಏಕೆ ಹೇಳಿರಲಿಲ್ಲವೆಂದು ಯಾರೂ ಕೇಳಲಿಲ್ಲ. ನಾನು ಮಾತ್ರ ಅವನ ಆಗಿನ ಅಧ್ಯಾಪಕಿಯನ್ನು ಶಾಲೆಯ ಬಾಗಿಲಲ್ಲಿ ಕಂಡು, 2018ರ ಆ ಚೀಟಿಯ ವಿಷಯವನ್ನು ಹೇಳಿ ಕ್ಷಮೆ ಕೇಳಿದೆ. ಅವರಿಗೆ ನೆನಪೇ ಇರಲಿಲ್ಲ. "ಹೋಗಲಿ ಬಿಡಿ ಸಾರ್" ಎಂದು ನಕ್ಕರು.

ಶಾಲೆಯ ಬಹುಮಾನ ವಿತರಣೆಯ ದಿನ ನಾನೂ ಹೋಗಿದ್ದೆ. ಪೂರ್ಣ ಹಾಜರಾತಿಯ ಬಹುಮಾನಕ್ಕೆ ಬೇರೊಬ್ಬ ಹುಡುಗನ ಹೆಸರು ಕರೆದರು. ಒಂದು ಸ್ಟೀಲಿನ ಊಟದ ಡಬ್ಬಿ, ಬಹುಶಃ ನಮ್ಮಂಥ ಅಂಗಡಿಯಿಂದಲೇ ಕೊಂಡದ್ದು. ಮೊಮ್ಮಗಳು ಕೈ ತಟ್ಟಿದಳು. ಮನೆಗೆ ನಡೆದು ಬರುವಾಗ, "ತಾತ, ಜ್ವರ ಅಂತ ಬರೆದಿದ್ದರೆ ಅದು ನನಗೆ ಸಿಗ್ತಿತ್ತಾ?" ಎಂದು ಕೇಳಿದಳು.

"ಸಿಗ್ತಿತ್ತಮ್ಮ" ಎಂದೆ.

ಸ್ವಲ್ಪ ದೂರ ಸುಮ್ಮನೆ ನಡೆದಳು. "ಮುಂದಿನ ವೇಣೂರು ಯಾವಾಗ?"

"2036ರಲ್ಲಿ."

ಬೆರಳು ಮಡಿಚಿ ಎಣಿಸಿದಳು. "ಆಗ ನಾನು ಕಾಲೇಜು. ಕಾಲೇಜಿನಲ್ಲಿ ಹಾಜರಾತಿಗೆ ಬಹುಮಾನ ಕೊಡಲ್ಲ, ಅಲ್ವಾ?"